ಲೆಕ್ಕಕ್ಕೆ ಬಾರದ ಹಿಂಡಿ

ಥೈರಾಯ್ಡ್ ಕೈಕೊಟ್ಟಿರಬಹುದು. ಲಿವರಿನ ಮೇಲೆ ಕೊಬ್ಬು ಕೂತಿರಬಹುದು. ಕಾಲಲ್ಲಿ ನೀರು ತುಂಬಿರಬಹುದು. ಬೆರಳಿನಿಂದ ಒತ್ತಿ ನೋಡಿದರೆ ಕುಳಿ ಬೀಳುತ್ತಿರಲಿಲ್ಲ, ಆದರೆ ನಾನು ಒತ್ತುವ ರೀತಿಯೇ ತಪ್ಪಿರಬಹುದು. ಹೊಟ್ಟೆಯೊಳಗೆ ಇನ್ನೇನೋ ಬೆಳೆಯುತ್ತಿದ್ದು, ನಾನು ಇಳಿಸಿದಷ್ಟನ್ನು ಅದು ಏರಿಸುತ್ತಿರಬಹುದು. ತೂಕದ ಯಂತ್ರದ ಸ್ಪ್ರಿಂಗು ಸತ್ತಿರಬಹುದು. ಇದೆಲ್ಲ ಸರಿಹೋಗಿ ಕೊನೆಗೆ ಆಪರೇಷನ್ ಆದರೂ, ನಡುವೆ ಅರಿವಳಿಕೆ ಇಳಿಯಬಹುದು, ಕರೆಂಟು ಹೋಗಬಹುದು, ಜನರೇಟರಿಗೆ ಡೀಸೆಲ್ ಹಾಕಿಸುವುದನ್ನು ಯಾರೋ ಮರೆತಿರಬಹುದು. ನಾನು ಏಳದೆಯೇ ಇರಬಹುದು. ಎದ್ದರೂ ಅದೇ ತೂಕದೊಂದಿಗೆ ಏಳಬಹುದು.

ಕಳೆದ ವರ್ಷ ನನ್ನ ತೂಕ ಇಳಿಯುವುದು ಇದ್ದಕ್ಕಿದ್ದಂತೆ ನಿಂತುಹೋದಾಗ ನಾನು ಸಾಕಿಕೊಂಡ ಚಿಂತೆಗಳಲ್ಲಿ ಇವು ಕೆಲವು ಮಾತ್ರ. ಉಳಿದವನ್ನು ಬರೆದರೆ ಓದಿದವರಿಗೂ ಅಂಟಿಕೊಂಡಾವು ಎಂದು ಬಿಟ್ಟಿದ್ದೇನೆ.

ನಾನು ಗೋಕಾಕದಲ್ಲಿ ಮನೆ ಮಾಡಿಕೊಂಡು ಹುಕ್ಕೇರಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗಣಿತದ ಮಾಸ್ತರ. ಒಂದು ದಿನ ತರಗತಿಯಲ್ಲಿ ಬಿದ್ದ ಚಾಕ್‌ಪೀಸ್ ಎತ್ತಲು ಬಗ್ಗಿದಾಗ ಹೊಕ್ಕುಳ ಬಳಿ ನಿಂಬೆಹಣ್ಣಿನಷ್ಟು ಏನೋ ಉಬ್ಬಿ ಬಂತು. ಹರ್ನಿಯಾ. ಗೋಕಾಕದ ಡಾಕ್ಟರು ಅದನ್ನು ಒತ್ತಿ ಒಳಗೆ ಕಳಿಸಿ, ನನ್ನ ಹೊಟ್ಟೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಸರ್ರ, ಈ ಹೊಟ್ಟಿಗೆ ಹೊಲಿಗಿ ಹಾಕಿದ್ರ ತಡಿಯೂದಿಲ್ರಿ. ಮೊದಲ ಹತ್ತ ಕಿಲೋ ಇಳಸ್ರಿ. ಹಂಗಂತ ವರ್ಷಗಟ್ಲೆ ಮಾಡಬ್ಯಾಡ್ರಿ. ಕರಳ ಸಿಕ್ಕೊಂತಂದ್ರ ಆಮ್ಯಾಲ ತೂಕಾ-ಗೀಕಾ ನೋಡಾಕ ಆಗೂದಿಲ್ಲ, ಇದ್ದಂಗ ಕೊಯ್ಯಬೇಕಾಗತೈತಿ."

'ಇದ್ದಂಗ ಕೊಯ್ಯಬೇಕಾಗತೈತಿ' ಎಂಬ ಮಾತು ನನ್ನ ಜೊತೆಗೇ ಬಸ್ಸು ಹತ್ತಿ ಇಳಿಯತೊಡಗಿತು. ಕೆಮ್ಮು ಬಂದರೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಸೀನು ಬಂದರೆ ಮನೆದೇವರನ್ನು ನೆನೆಯುತ್ತಿದ್ದೆ.

ಹೆದರಿಕೆಗೆ ತೂಕ ಇಳಿಸುವ ಶಕ್ತಿ ಇದೆ. ನಾಲ್ಕು ರೊಟ್ಟಿ ತಿನ್ನುತ್ತಿದ್ದವನು ಎರಡಕ್ಕೆ ಬಂದೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ನಸುಕಿನಲ್ಲೆದ್ದು ಫಾಲ್ಸ್ ಕಡೆಗಿನ ರಸ್ತೆಯಲ್ಲಿ ನಡೆದೆ. ಮೊದಲ ಆರು ಕಿಲೋ ಸಲೀಸಾಗಿ ಹೋಯಿತು. ಅಲ್ಲಿಗೆ ಯಂತ್ರದ ಮುಳ್ಳು ನಿಂತಿತು, ಹುಕ್ಕೇರಿ ಬಸ್ಸು ಘಾಟಿನಲ್ಲಿ ಕೆಟ್ಟು ನಿಂತ ಹಾಗೆ. ರೊಟ್ಟಿಯನ್ನು ಒಂದೂವರೆಗೆ ಇಳಿಸಿದೆ. ನಡಿಗೆ ಸಂಜೆಗೂ ಸೇರಿತು. ಮುಳ್ಳು ಕದಲಲಿಲ್ಲ. ಚಡ್ಡಿಯಲ್ಲಿ ನಿಂತು ನೋಡಿದೆ, ಉಸಿರು ಬಿಟ್ಟು ನೋಡಿದೆ, ಯಂತ್ರವನ್ನು ಬಚ್ಚಲಿಂದ ಪಡಸಾಲೆಗೆ ತಂದಿಟ್ಟು ನೋಡಿದೆ.

"ಯಂತ್ರ ಕೆಟ್ಟೈತಿ," ಎಂದೆ ಹೆಂಡತಿಗೆ.

"ಕೆಟ್ಟಿದ್ರ ನಾ ನಿಂತಾಗ ಯಾಕ ಬರೋಬ್ಬರಿ ತೋರಸ್ತೈತ್ರಿ? ಅದಕ್ಕ ನಿಮ್ಮ ಮ್ಯಾಲಷ್ಟ ಸಿಟ್ಟ ಐತೇನು?"

ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟೆ. ಎಲ್ಲ ಸರಿಯಾಗಿದೆ ಎಂದು ವರದಿ ಬಂತು. ನನಗೆ ಇನ್ನಷ್ಟು ಹೆದರಿಕೆಯಾಯಿತು. ಕಾರಣ ಸಿಕ್ಕಿದ್ದರೆ ಗುಳಿಗೆಯಾದರೂ ಇರುತ್ತಿತ್ತು.

ಆ ಭಾನುವಾರ ಮೂಡಲಗಿಗೆ ಹೋದೆ. ಅಕ್ಕನ ಮನೆ ಅಲ್ಲಿ. ಎರಡು ಕೆಲಸ ಇದ್ದವು: ಒಂದು, ಮಾರುಕಟ್ಟೆಯ ದೊಡ್ಡ ತಕ್ಕಡಿಯಲ್ಲಿ ನಿಂತು ನನ್ನ ಮನೆಯ ಯಂತ್ರದ ಬಣ್ಣ ಬಯಲು ಮಾಡುವುದು, ಇನ್ನೊಂದು, ಅಕ್ಕನಿಂದ ಶೇಂಗಾ ಹಿಂಡಿಯ ಡಬ್ಬಿ ತರುವುದು. ಹುರಿದ ಶೇಂಗಾ, ಒಣಮೆಣಸಿನ ಖಾರ, ಬೆಳ್ಳುಳ್ಳಿ ಕೂಡಿಸಿ ಅವಳು ಕುಟ್ಟುವ ಈ ಚಟ್ನಿಪುಡಿ ನಮ್ಮ ಬಳಗದಲ್ಲೆಲ್ಲ ಹೆಸರಾದದ್ದು. ಅವಳು ಉಪ್ಪು ಅಳೆದು ಹಾಕಿದ್ದನ್ನು ನಾನು ನೋಡಿಲ್ಲ. ಯಾರ ಜೊತೆಗೋ ಜಗಳಾಡುತ್ತ ಹಿಂದೆ ತಿರುಗಿ ನೋಡದೆ ಹಾಕಿದರೂ ಅದು ಸರಿಯಾಗಿಯೇ ಇರುತ್ತದೆ.

ಭಾವನ ಗುರುತಿನ ಅಡತಿ ಅಂಗಡಿಯಲ್ಲಿ ಗೋವಿನಜೋಳದ ಚೀಲ ತೂಗುವ ತಕ್ಕಡಿ ಹತ್ತಿ ನಿಂತೆ. ಅಂಗಡಿಯ ಮಾಲಕರು ಕನ್ನಡಕ ಏರಿಸಿಕೊಂಡು ತೂಕ ಓದಿ ಕೇಳಿದರು:

"ಮಾಸ್ತರ್ರ, ಚೀಲದ ತೂಕಾ ಕಳೀಲೇನ್ರಿ?"

ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ನಾನೂ ನಗಬೇಕಾಯಿತು. ತೂಕ ಮನೆಯಲ್ಲಿ ತೋರಿಸಿದಷ್ಟೇ ಇತ್ತು. ಅಂದರೆ ಕೆಟ್ಟಿದ್ದು ಯಂತ್ರವಲ್ಲ, ನಾನು.

ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಗಂಟಲಲ್ಲಿ ತುತ್ತು ಇಳಿಯುವ ಸ್ಥಿತಿ ಇರಲಿಲ್ಲ. ಆದರೂ ಇಳಿಯುತ್ತಿತ್ತು. "ಅಕ್ಕಾ, ಒಂದೂವರಿ ರೊಟ್ಟಿ ಅಷ್ಟ. ಉಳದದ್ದ ತಗಿ," ಎಂದೆ.

"ಒಂದೂವರಿ ರೊಟ್ಟಿ ತಿಂದೂ ಇಷ್ಟ ಇದ್ದೀ ಅಂದ್ರ ನೀ ಗಾಳಿ ಕುಡದ ಬದಕಾವ ಆದಿ ನೋಡು. ಅದಿರ್ಲಿ, ದೀಪಾವಳಿಗೆ ಕೊಟ್ಟ ಡಬ್ಬಿ ಸಂಕ್ರಮಣ ದಾಟಿ ಬರತಿತ್ತು. ಈಗ ಹದಿನೈದ ದಿನಕ್ಕ ಖಾಲಿ ಡಬ್ಬಿ ಹಿಡಕೊಂಡ ಬರಾಕತ್ತೀ. ಮನ್ಯಾಗ ಲಗ್ನಾ ಐತೇನೋ?"

"ಸಾಲ್ಯಾಗ ಎಲ್ಲಾರೂ ಕೇಳ್ತಾರ ಅಕ್ಕಾ," ಎಂದೆ. ಅದು ಸುಳ್ಳಲ್ಲ. ಅವರು ಕೇಳುತ್ತಿದ್ದರು, ನಾನು ಕೊಡುತ್ತಿರಲಿಲ್ಲ.

ಮಾತಾಡುತ್ತಲೇ ತಾಟಿನಲ್ಲಿ ಹಿಂಡಿಯ ಗುಡ್ಡೆ ಮಾಡಿ, ನಡುವೆ ಕುಣಿ ತೋಡಿ, ಎಣ್ಣೆ ಸುರಿದುಕೊಂಡೆ. ರೊಟ್ಟಿಯ ಒಂದು ಚೂರು ಮುರಿದು ಅದರಿಂದ ಗುಡ್ಡೆಯ ಕಾಲು ಭಾಗ ಎತ್ತಿ ಬಾಯಿಗಿಟ್ಟೆ. ಗುಡ್ಡೆ ಮುಗಿಯಿತು. ಇನ್ನೊಂದು ಮಾಡಿಕೊಂಡೆ. ತಲೆ ಎತ್ತಿದಾಗ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ತಮ್ಮಾ, ನೀ ರೊಟ್ಟಿಗೆ ಹಿಂಡಿ ಹಚಗೊಂಡ ತಿನ್ನಾಕತ್ತೀಯೋ, ಹಿಂಡಿಗೆ ರೊಟ್ಟಿ ಹಚಗೊಂಡ ತಿನ್ನಾಕತ್ತೀಯೋ?"

ತಾಟು ನೋಡಿಕೊಂಡೆ: ರೊಟ್ಟಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಎರಡನೇ ಗುಡ್ಡೆ ಆಗಲೇ ಸವೆದಿತ್ತು.

ನಮ್ಮ ಕಡೆ ಊಟ ಎಂದರೆ ರೊಟ್ಟಿಯ ಲೆಕ್ಕ. ಯಾರ ಮನೆಗೇ ಹೋಗಲಿ, 'ಎಷ್ಟ ರೊಟ್ಟಿ ಉಂಡ್ರಿ?' ಎನ್ನುತ್ತಾರೆಯೇ ಹೊರತು ಹಿಂಡಿ ಎಷ್ಟು, ಎಣ್ಣೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಅದು ಊಟವಲ್ಲ, ಹಚ್ಚಿಕೊಳ್ಳುವುದು. ಡಾಕ್ಟರು ಕೇಳಿದ್ದೂ ರೊಟ್ಟಿಯನ್ನೇ, ನಾನು ಪ್ರಾಮಾಣಿಕವಾಗಿ ಹೇಳಿದ್ದೂ ರೊಟ್ಟಿಯನ್ನೇ. ರೊಟ್ಟಿ ಕಡಿಮೆಯಾದಂತೆಲ್ಲ ಹಸಿವು ಹಿಂಡಿಯ ಕಡೆ ಸರಿದಿತ್ತು. ಹೆಂಡತಿ ಕನಿಕರದಿಂದ ಡಬ್ಬಿಯನ್ನು ನನ್ನ ಕೈಗೆ ಎಟುಕುವಂತೆ ಇಡತೊಡಗಿದ್ದಳು. ಬೀಜಗಣಿತ ಕಲಿಸುವ ನಾನು ಸಮೀಕರಣದ ಒಂದು ಬದಿಯನ್ನಷ್ಟೇ ಇಳಿಸುತ್ತ ಕೂತಿದ್ದೆ.

"ಇದರಾಗ ಇರೂದು ಶೇಂಗಾನ ಹೌದಲ್ಲೋ?" ಎಂದಳು ಅಕ್ಕ. "ಗಾಣಕ್ಕ ಹಾಕಿದ್ರ ಎಣ್ಣಿ ಬರೂವಂಥಾದ್ದು. ಅದರ ಮ್ಯಾಲ ಮತ್ತ ಎಣ್ಣಿ. ಕೊಡ ಇಲ್ಲೆ ಡಬ್ಬಿ!"

ಡಬ್ಬಿ ಮೂಡಲಗಿಯಲ್ಲೇ ಉಳಿಯಿತು. ಅದರ ಬದಲು ಕುಂಕುಮದ ಭರಣಿಗಿಂತ ಸ್ವಲ್ಪ ದೊಡ್ಡದೊಂದು ಡಬ್ಬಿ ಸಿಕ್ಕಿತು. ಊಟಕ್ಕೆ ಒಂದು ಚಮಚ, ಎಣ್ಣೆ ಇಲ್ಲ. ರೊಟ್ಟಿಯನ್ನು ಮತ್ತೆ ಎರಡು ಮಾಡಿಕೊಂಡೆ, ಜೊತೆಗೆ ತಾಟು ತುಂಬ ಪುಂಡಿಪಲ್ಯ, ಸೌತಿಕಾಯಿ, ಮೂಲಂಗಿ. ಮುಂದಿನ ವಾರವೇನೂ ಆಗಲಿಲ್ಲ. ಅದರ ಮುಂದಿನ ವಾರ ಒಂದು ಬೆಳಿಗ್ಗೆ ಯಂತ್ರದ ಮೇಲೆ ನಿಂತವನು ಕೂಗಿದೆ. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನಾತ್ರಿ? ಹರ್ನಿಯಾ ಸಿಕ್ಕೊಂತೇನು?"

"ಮುಳ್ಳ ಹಂದತು!"

ಅವಳು ಬಗ್ಗಿ ನೋಡಿದಳು. ಹೌದು, ಕದಲಿತ್ತು. ಅಲ್ಲಿಂದ ಅದು ವಾರವಾರ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂತು. ನಡುವೆ ಒಂದೆರಡು ದಿನ, ಇಷ್ಟು ಸರಾಗ ಇಳಿಯುತ್ತಿದೆಯಲ್ಲ, ಸಕ್ಕರೆ ಕಾಯಿಲೆಯೇ ಇರಬಹುದೇ ಎಂದು ಚಿಂತಿಸಿದೆ. ಹೆಂಡತಿಗೆ ಹೇಳಲಿಲ್ಲ.

ಡಾಕ್ಟರು ತೂಕ ನೋಡಿ ದಿನ ಗೊತ್ತುಮಾಡಿದರು. ಅಕ್ಕ ಹಿಂದಿನ ಸಂಜೆಯೇ ಫೋನು ಮಾಡಿ ನಕ್ಕಳು. "ಚಿಂತಿ ಮಾಡೂದ ನಿನ್ನ ಉದ್ಯೋಗ. ನನಗ ಹೊಲಾ-ಮನಿ ಐತಪಾ, ಪುರುಸೊತ್ತಿಲ್ಲ. ಏನೂ ಆಗೂದಿಲ್ಲ, ಸುಮ್ನ ಮಕ್ಕೊ." ಹಾಗೆಂದವಳು ಮರುದಿನ ಮೂಡಲಗಿಯ ಮೊದಲ ಬಸ್ಸಿಗೇ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಳು.

ನಾನು ಎದ್ದೆ. ಕರೆಂಟು ಹೋಗಿತ್ತಂತೆ, ಜನರೇಟರಿನಲ್ಲಿ ಡೀಸೆಲ್ ಇತ್ತಂತೆ. ಹೊಲಿಗೆ ಚೆನ್ನಾಗಿ ಕೂತಿದೆ ಎಂದರು ಡಾಕ್ಟರು. ಹುಷಾರಾಗಿ ಕೆಮ್ಮಿ ನೋಡಿದೆ. ನೋವಾಯಿತು, ಆದರೆ ಏನೂ ಉಬ್ಬಿ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆಯಿಂದ ಕೈ ತೆಗೆದು ಮಗ್ಗುಲಲ್ಲಿಟ್ಟುಕೊಂಡೆ.

ಮರುದಿನ ಮೆತ್ತಗಿನ ಊಟಕ್ಕೆ ಒಪ್ಪಿಗೆ ಸಿಕ್ಕಿತು. ಅಕ್ಕ ಮೆತ್ತನ್ನ ರೊಟ್ಟಿ ಚೂರು ಮಾಡಿ, ಮೊಸರು ಹಾಕಿ, ಸೆರಗಿನ ಮರೆಯಿಂದ ಸಣ್ಣ ಡಬ್ಬಿ ತೆಗೆದಳು.

"ಮೊನ್ನಿ ಕುಟ್ಟಿದ್ದು, ನಿನಗಂತ ಖಾರಾ ಕಡಿಮಿ ಹಾಕೇನಿ. ಒಂದ ಚಮಚಾ. ಮ್ಯಾಲ ಕೇಳಿದ್ರ ಆ ಹೊಲಿಗಿ ನಾನ ಬಿಚ್ಚತೇನಿ."

ಬಾಯಿಗಿಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗೈತೋ?"

"ಬರೋಬ್ಬರಿ ಐತಿ ಅಕ್ಕಾ," ಎಂದೆ, ಒಂದು ಚೂರೂ ಬಿಡದೆ ತಿಂದೆ.

ಹಿಂಡಿಗೆ ಅವಳು ಉಪ್ಪು ಹಾಕುವುದನ್ನೇ ಮರೆತಿದ್ದಳು.