ಕಮಲಾಪುರದಿಂದ ಬಂದ ತಾಯಿ

ಸರ್ಕಾರಿ ವಕೀಲೆಯಾಗಿ ನೇಮಕವಾದ ಮೇಲೆ ನಾನು ಮನೆಗೆ ಬಂದವರನ್ನೆಲ್ಲ ಅನುಮಾನದಿಂದಲೇ ನೋಡುತ್ತಿದ್ದೆ. ಜೇವರ್ಗಿ ಕಾಲೋನಿಯ ಮನೆಯಲ್ಲಿ ನಾನೂ ನನ್ನ ಸಂಗಾತಿಯೂ, ಇಬ್ಬರು ಹೆಂಗಸರು, ಸಂಸಾರ ಹೂಡಿದ್ದೇವೆಂಬ ಗುಸುಗುಸು ಕಲಬುರಗಿಯ ಕೋರ್ಟಿನಲ್ಲೆಲ್ಲ ಹಬ್ಬಿತ್ತು. ನನ್ನನ್ನು ಹುದ್ದೆಯಿಂದ ಇಳಿಸಲು ಯಾರೋ ಸಾಕ್ಷಿ ಹುಡುಕುತ್ತಿದ್ದಾರೆಂಬ ಸುದ್ದಿಯೂ ಕಿವಿಗೆ ಬಿದ್ದಿತ್ತು.

ಒಂದು ಭಾನುವಾರ ಕಮಲಾಪುರದ ಹೆಂಗಸೊಬ್ಬರು ಬಂದರು. ಕೇಸಿನ ಮಾತೇ ಎತ್ತದೆ ಒಳಕೋಣೆಯತ್ತ ಇಣುಕಿದರು.

"ನಿಮ್ಮ ಜೋಡಿ ಮನ್ಯಾಗ ಯಾರ್ ಇರ್ತಾರ್ರೀ ಮೇಡಂ?"

"ನಿಮ್ಮನ್ನ ಯಾರ್ ಕಳಿಸ್ಯಾರ್ರೀ?" ಎಂದೆ ನಾನು.

"ಯಾರೂ ಕಳಿಸಿಲ್ರೀ. ನನ್ನ ಮಗಳು ಮದಿವಿ ಬ್ಯಾಡ, ಗೆಳತಿ ಜೋಡಿನೇ ಬಾಳ್ವೆ ಮಾಡ್ತೀನಿ ಅಂತಾಳ. ಊರಾಗ ಮಂದಿ ನಿಮ್ಮ ಬಗ್ಗೆ ಆಡ್ಕೋತಾರ. ಹಂಗ ಇದ್ದೋರು ಸುಖದಾಗ ಇರ್ತಾರೇನು, ಕಣ್ಣಾರೆ ನೋಡ್ಬೇಕಂತ ಬಂದೀನ್ರೀ."

ಆಗಲೂ ನನಗೆ ನಂಬಿಕೆ ಬರಲಿಲ್ಲ. ಆಕೆಯ ಫೋನಿನಲ್ಲಿ ಮಾತು ರೆಕಾರ್ಡ್ ಆಗುತ್ತಿರಬಹುದೆಂದು ಅದರ ಮೇಲೇ ಕಣ್ಣಿಟ್ಟು ಕುಳಿತೆ. ಅಷ್ಟರಲ್ಲಿ ನನ್ನ ಸಂಗಾತಿಯೇ ಹೊರಬಂದು, "ನಾ ಇರ್ತೀನ್ರೀ ಅಕ್ಕಾ, ಭಾಳ ವರ್ಷಾತು. ಜಗಳಾನೂ ಆಡ್ತೀವಿ, ಸುಖದಾಗೂ ಅದೀವಿ," ಎಂದಳು. ಆ ತಾಯಿ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಮುಂದಿನ ವಾರ ಅವರು ಮಗಳನ್ನೂ ಅವಳ ಗೆಳತಿಯನ್ನೂ ನಮ್ಮ ಮನೆಗೆ ಊಟಕ್ಕೆ ಕರೆತಂದರು. ಮಗಳಿಗೆ ಗಂಡು ನೋಡುವುದನ್ನು ನಿಲ್ಲಿಸಿದ್ದರು.