ನೋಟಿನೊಳಗಿನ ಅತ್ತೆ

ಕನ್ನಡಕದಂಗಡಿಯವರಿಗೆ ಹಂಗೇರಿ ದೇಶದ ಹಳೇ ನೋಟುಗಳ ಹುಚ್ಚು ಹಿಡಿದದ್ದು ರಿಪೇರಿಗೆ ಬಂದ ಒಂದು ಕನ್ನಡಕದ ಡಬ್ಬಿಯಿಂದ. ಕನ್ನಡಕ ಅಲುಗಾಡದಿರಲೆಂದು ಅದರ ತಳಕ್ಕೆ ಯಾರೋ ಮಡಿಚಿ ತುರುಕಿದ್ದ ಕಾಗದವನ್ನು ಬಿಡಿಸಿದರೆ, ನೋಟು! "ಅಯ್ಯೋ, ರದ್ದಿ ಅದು. ನೀವೇ ಇಟ್ಕೊಳ್ಳಿ" ಎಂದ ಗಿರಾಕಿ. ಇವರು ಭೂತಗನ್ನಡಿ ಹಿಡಿದು ಅದರ ಬಳ್ಳಿ, ಸುರುಳಿ, ಕೂದಲೆಳೆಯಂಥ ಗೆರೆಗಳನ್ನು ನೋಡುತ್ತ ಕೂತವರು ಊಟ ಮರೆತರು. ಆಮೇಲೆ ಅಂಚೆಯಲ್ಲಿ ನೋಟುಗಳು ಬರತೊಡಗಿದವು.

"ಇವನ್ನ ಕೊಟ್ರೆ ಏನು ಬರುತ್ತೆ?" ಎಂದಳು ಹೆಂಡತಿ.

"ಏನೂ ಬರಲ್ಲ. ಆಗ್ಲೂ ಬರ್ತಿರ್ಲಿಲ್ಲ. ಬೆಲೆ ಏರಿದ ಹುಚ್ಚಿಗೆ ಕೋಟಿಗಟ್ಟಲೆ ಅಂತ ನೋಟು ಹೊಡೆದ್ರು ಪಾಪ."

"ಹಾಗಾದ್ರೆ ನಿಮ್ಗೆ ಹೇಳಿ ಮಾಡಿಸಿದ ಹಾಗಿದೆ."

ಒಂದು ಭಾನುವಾರ ಊಟದ ಮೇಜಿನ ಮೇಲೆ ಆಲ್ಬಮ್ ತೆರೆದಿತ್ತು. ಜೊತೆಗೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಬೋರಲಾಗಿದ್ದ ಒಂದು ನೋಟನ್ನು ತಿರುಗಿಸಿದರು. ತಲೆಗೆ ವಸ್ತ್ರ ಕಟ್ಟಿದ ಹೆಂಗಸು. ಅದೇ ಗದ್ದ, ಅದೇ ಬಿಗಿದ ತುಟಿ, ಎದುರಿನವರು ಏನೋ ತಪ್ಪು ಮಾಡಿದ್ದಾರೆಂಬ ಅದೇ ನೋಟ.

"ಇದು ನಾನು!"

ಅಳಿಯನಾದ ಕನ್ನಡಕದಂಗಡಿಯವರಿಗೆ ಇದು ಮೊದಲೇ ಗೊತ್ತಿತ್ತು. ನೋಟಿನ ಆ ಹೆಂಗಸು ನೋಡುತ್ತಿದ್ದರೆ ಉಳಿದ ನೋಟುಗಳ ಮೇಲೆ ಮನಸ್ಸು ನಿಲ್ಲದೆ ಅವರೇ ಬೋರಲು ಹಾಕಿದ್ದರು.

"ನಿಮ್ಮ ಮಾವ ಬದುಕಿರೋತನಕ ನಂದೊಂದು ಫೋಟೋ ತೆಗೆಸ್ಲಿಲ್ಲ ಅಳಿಯಂದ್ರೇ. ಈಗ ನೋಡಿ, ಒಂದು ಸರ್ಕಾರಾನೇ ತೆಗೆಸಿದೆ!"

ನೋಟಿಗೆ ಚೌಕಟ್ಟು ಬಂತು. ಚೌಕಟ್ಟು ಹಿಡಿದು ಅತ್ತೆ ಅಂಗಡಿಗೇ ಬಂದರು. ತಲೆಗೆ ಟವೆಲ್ ಸುತ್ತಿಕೊಂಡು, ಮುಖ ಒಂಚೂರು ಪಕ್ಕಕ್ಕೆ ತಿರುಗಿಸಿ ಬೆಂಚಿನಲ್ಲಿ ಕೂತರು. ಕಣ್ಣು ಪರೀಕ್ಷೆಗೆ ಬಂದವರನ್ನು ಅಡ್ಡಗಟ್ಟಿ, "ಆ ಅಕ್ಷರ ಎಲ್ಲ ಇರ್ಲಿ. ಇದು ಯಾರ ಥರ ಇದೆ ಹೇಳಿ?" ಎನ್ನುವರು. ತಬ್ಬಿಬ್ಬಾದವರನ್ನು ಒಳಗೆ ಕಳಿಸಿ, "ಇವರಿಗೆ ಪವರ್ ಜಾಸ್ತಿ ಹಾಕಿ" ಎಂದು ಕೂಗುವರು.

ಸುದ್ದಿ ಕೇಳಿ ಅತ್ತೆಯ ತಂಗಿ ಬಂದಿಳಿದರು. "ಅಕ್ಕ ಇದ್ಮೇಲೆ ನಾನೂ ಇರ್ಬೇಕಲ್ಲ. ಹುಡುಕಿ."

ಆಲ್ಬಮ್ಮಿನ ಹೆಂಗಸರನ್ನೆಲ್ಲ ಜಾಲಾಡಿದರು. ಒಬ್ಬರೂ ಹೋಲಲಿಲ್ಲ. ಕೊನೆಯ ಪುಟ ಬಂದಾಗ ಕನ್ನಡಕದಂಗಡಿಯವರು ಬೆವರುತ್ತ ಅಂಗೈ ಅಡ್ಡ ಇಟ್ಟರು. ಅತ್ತೆ ಕೈ ಸರಿಸಿದರು.

"ಇಲ್ಲಿದ್ದಾಳಲ್ಲ!"

ಅಲ್ಲಿದ್ದದ್ದು ಮೀಸೆಯ ಗಂಡಸು. ಆದರೆ ಹುಬ್ಬು, ಮೂಗು, ಕಣ್ಣು, ಎಲ್ಲ ಚಿಕ್ಕತ್ತೆಯದೇ. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಚಿಕ್ಕತ್ತೆ ಮೀಸೆಯ ಮೇಲೆ ಹೆಬ್ಬೆರಳಿಟ್ಟು ನೋಡಿದರು. ತೆಗೆದು ನೋಡಿದರು.

"ಯಾರಿವ್ರು?"

"ಹಳೇ ಕಾಲದ ನಾಯಕರು. ಯುದ್ಧಗಿದ್ಧ ಮಾಡ್ದೋರು" ಎಂದರು ಕನ್ನಡಕದಂಗಡಿಯವರು, ಸಣ್ಣ ದನಿಯಲ್ಲಿ.

"ಹಾಗೋ! ನೋಡಕ್ಕ, ನಿಂದು ಯಾವಳೋ ಹೆಸರೂ ಗೊತ್ತಿಲ್ಲದ ಹೆಂಗಸು. ನಂದು ಸೇನಾಪತಿ."

ನೋಟನ್ನು ಬ್ಲೌಸಿನೊಳಗೆ ಸೇರಿಸಿ ಅವತ್ತೇ ಊರಿಗೆ ಹೊರಟರು. ಅತ್ತೆ ಟವೆಲ್ ಬಿಚ್ಚಿ ಕೋಣೆ ಸೇರಿದವರು ಮಾರನೇ ದಿನ ಸಂಜೆಯವರೆಗೆ ಹೊರಗೆ ಬರಲಿಲ್ಲ. ಆಮೇಲೆ ಬಾಗಿಲ ಸಂದಿಯಿಂದ ಇಣುಕಿ ಕೇಳಿದರು:

"ಅಳಿಯಂದ್ರೇ, ಕುದುರೆ ಮೇಲೆ ಕೂತಿರೋ ಹೆಂಗಸು ಯಾರಾದ್ರೂ ಇದ್ದಾರಾ ನೋಡಿ."