ಎರಡನೆಯ ವಾರದ ಫೋಟೋ

ಕಳೆದ ವಾರ ಮಡಿಕೇರಿಯ ಮದುವೆಯೊಂದರಲ್ಲಿ ಹುಡುಗಿಯೊಬ್ಬಳು ನನ್ನ ಫೋಟೋ ತೆಗೆದು, ಕ್ಯಾಮೆರಾದಿಂದ ಆಗಷ್ಟೇ ಹೊರಬಂದ ಚಿತ್ರವನ್ನು ಕೈಗಿಟ್ಟಳು. ಅದರಿಂದ ಔಷಧದಂಥ ಸಣ್ಣ ಘಾಟು. ನಲವತ್ತು ವರ್ಷಗಳ ಹಿಂದೆ ನಮ್ಮ ಎಸ್ಟೇಟಿಗೆ ಬರುತ್ತಿದ್ದ ದನದ ಡಾಕ್ಟರು ನೆನಪಾದರು...

ಆಗ ನಾನು ಅಲ್ಲಿ ಲೆಕ್ಕ ಬರೆಯುವ ರೈಟರ್. ಮರ ಎಳೆಯಲು ಒಂದು ಹೆಣ್ಣಾನೆಯಿತ್ತು. ಸರಪಳಿ ಉಜ್ಜಿ ಅದರ ಹಿಂಗಾಲಿಗೆ ಗಾಯವಾದಾಗ ಡಾಕ್ಟರು ವಾರಕ್ಕೊಮ್ಮೆ ಬರತೊಡಗಿದರು. ಬಂದಾಗಲೆಲ್ಲ ಗಾಯದ ಒಂದು ಫೋಟೋ. ಸಿಂಗಾಪುರದಲ್ಲಿದ್ದ ಅವರ ಭಾವ ಕೊಟ್ಟ ಕ್ಯಾಮೆರಾ. ಬೆಳಕನ್ನು ತಾನೇ ಅಳೆದುಕೊಂಡು ಅಲ್ಲೇ ಚಿತ್ರ ಕೊಡುತ್ತಿತ್ತು. ಆದರೆ ಆನೆಯ ಕಪ್ಪು ಮೈಯನ್ನು ಕತ್ತಲೆಂದು ತಿಳಿದು ಚಿತ್ರವನ್ನು ಬಿಳಿಚಿಸಿಬಿಡುತ್ತಿತ್ತು. ಡಾಕ್ಟರು ಕ್ಯಾಮೆರಾದ ಮುಂಭಾಗದ ತಿರುಪನ್ನು ಒಂಚೂರು ತಿರುಗಿಸಿ ಸರಿಮಾಡುತ್ತಿದ್ದರು. ಚಳಿಗೆ ಬಣ್ಣ ಕೆಡದಂತೆ ಚಿತ್ರವನ್ನು ಸ್ವೆಟರಿನೊಳಗೆ ಕಂಕುಳಲ್ಲಿಟ್ಟುಕೊಂಡು ಐದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಕೆಳಗಿನ ಬಿಳಿ ಅಂಚಿನಲ್ಲಿ ತಾರೀಖು ಬರೆಯುತ್ತಿದ್ದರು.

ಆರನೆಯ ವಾರ ಪರವೂರಿನಿಂದ ಮರಳಿದ ಎಸ್ಟೇಟಿನ ಸಾಹುಕಾರರು ಗಾಯ ನೋಡಿ ಕೆಂಡವಾದರು. ಮಾವುತ ಸರಿಯಾಗಿ ನೋಡಿಕೊಂಡಿಲ್ಲ, ನಾಳೆಯೇ ಆಳುಗಳ ಸಾಲಿನ ಲೈನ್ ಮನೆ ಖಾಲಿ ಮಾಡಲಿ ಎಂದರು. ದಿನಕ್ಕೆರಡು ಸಲ ಆ ಗಾಯ ತೊಳೆಯುತ್ತಿದ್ದವನು ಅವನೇ. ನನಗದು ಗೊತ್ತಿತ್ತು, ಬಾಯಿಬಿಡುವ ಧೈರ್ಯವಿರಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿದೆ.

ಅವರು ಬಂದು ಆಫೀಸಿನ ಜಗಲಿಯಲ್ಲಿ ಆರು ಚಿತ್ರಗಳನ್ನೂ ಜೋಡಿಸಿಕೊಂಡರು. ವಾರದಿಂದ ವಾರಕ್ಕೆ ಗಾಯ ಕುಗ್ಗಿತ್ತು. ಎರಡನೆಯದರಲ್ಲಿ ಮಾತ್ರ ಹೆಚ್ಚಾಗಿತ್ತು.

"ಡಾಕ್ಟ್ರೇ, ಇದೊಂದನ್ನ ಜೇಬಲ್ಲೇ ಇಟ್ಕೊಳ್ಳಿ," ಎಂದೆ ಮೆಲ್ಲಗೆ.

"ಇದನ್ನ ಮುಚ್ಚಿಟ್ರೆ ಉಳಿದದ್ದನ್ನ ಅವ್ರು ಯಾಕೆ ನಂಬಬೇಕು ರೈಟ್ರೇ?"

ಒಳಗೆ ಹೋಗಿ ಆರನ್ನೂ ಮೇಜಿನ ಮೇಲಿಟ್ಟರು. ಎರಡನೆಯದರ ಮೇಲೆ ಬೆರಳಿಟ್ಟು, "ಇದು ನನ್ನ ತಪ್ಪು. ನಾನು ಕೊಟ್ಟ ಮುಲಾಮು ಆಗಿಬರ್ಲಿಲ್ಲ, ಬದಲಾಯಿಸ್ದೆ. ಆಮೇಲಿನದ್ದೆಲ್ಲ ಮಾವುತನ ಕೈಗುಣ," ಎಂದರು.

ಸಾಹುಕಾರರು ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದರು. "ಅವನು ಇರ್ಲಿ," ಎಂದರು. ಡಾಕ್ಟರನ್ನು ಮಾತ್ರ ಮತ್ತೆಂದೂ ಕರೆಸಲಿಲ್ಲ.

ಅದಕ್ಕೆ ಡಾಕ್ಟರು ಬೇಸರಪಟ್ಟದ್ದನ್ನು ನಾನು ಕಾಣೆ. ಕುಶಾಲನಗರದ ಬಸ್ಸಿನಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದದ್ದು ಒಂದೇ, "ಕಾಲು ಹೇಗಿದೆ?" ವಾಸಿಯಾಗಿ ವರ್ಷಗಳಾದ ಮೇಲೂ ಕೇಳುತ್ತಿದ್ದರು...

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳ ನಂತರ. ಅಂದು ಜಗಲಿಯಲ್ಲಿ ನಾನಾಡಿದ ಮಾತಿಗೆ ಎಷ್ಟು ನಾಚಿದ್ದೆ ಎಂದು ಒಮ್ಮೆಯಾದರೂ ಹೇಳಬೇಕಿತ್ತು. ಬಸ್ಸಿನಲ್ಲಿ ಅಷ್ಟು ಸಲ ಪಕ್ಕದಲ್ಲೇ ಕೂತಿದ್ದೆ. ಈಗ ಹೇಳೋಣವೆಂದರೆ ಅವರಿಲ್ಲ.